ಪರ್ಸೆಲ್ಲರ ಪ್ರಬಂಧದಲ್ಲಿ ಈಜು ಮತ್ತು ಆಹಾರ

ಇ. ಎಂ. ಪರ್ಸೆಲ್ಲರು 1976ರಲ್ಲಿ ಮಾಡಿದ ಉಪನ್ಯಾಸವು ಮರುವರ್ಷ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ‘ಅಲ್ಪ ರೆನಾಲ್ಡ್ಸ್ ಸಂಖ್ಯೆಯಲ್ಲಿ ಜೀವನ’ ಎಂಬರ್ಥದ ಶೀರ್ಷಿಕೆಯೊಡನೆ ಪ್ರಕಟವಾಯಿತು. ಸೂಕ್ಷ್ಮಜೀವಿಗಳ ಈಜನ್ನು ಕುರಿತು ಇಷ್ಟು ಕಡಮೆ ಗಣಿತದಿಂದ ಇಷ್ಟು ಹೆಚ್ಚು ತಿಳಿಸಿದ ಬರಹ ವಿರಳ.

ಸೆಕೆಂಡಿಗೆ 30 ಮೈಕ್ರೋಮೀಟರ್ ವೇಗದಿಂದ ಸಾಗುವ ಬ್ಯಾಕ್ಟೀರಿಯವು ಕಶಾಂಗವನ್ನು ನಿಲ್ಲಿಸಿದರೆ, ಒಂದು ಪರಮಾಣುವಿನ ವ್ಯಾಸದಷ್ಟೂ ಮುಂದೆ ಹೋಗದೆ ನಿಂತುಬಿಡುತ್ತದೆ. ಅಲ್ಲಿ ಜಡತ್ವಕ್ಕೆ ಬೆಲೆಯಿಲ್ಲ, ಸ್ನಿಗ್ಧತೆಯದೇ ಆಳ್ವಿಕೆ. ಒಂದೇ ಕೀಲಿನ ಚಿಪ್ಪುಜೀವಿಯು ಅಲ್ಲಿ ಬೇಗ ಮುಚ್ಚಲಿ, ನಿಧಾನವಾಗಿ ತೆರೆಯಲಿ, ಗಳಿಸಿದ ದೂರವನ್ನೆಲ್ಲ ಮರಳಿ ಕಳೆದುಕೊಳ್ಳುವುದು. ತಿರುಪಿನಂತೆ ಸುತ್ತುವ ಕಶಾಂಗಕ್ಕೆ ಈ ತೊಡಕಿಲ್ಲ. ಜಿ. ಐ. ಟೇಲರರು 1951ರಲ್ಲಿಯೇ ಇಂತಹ ಈಜಿನ ಗಣಿತವನ್ನು ಆರಂಭಿಸಿದ್ದರು. ಅದನ್ನು ವಿದ್ಯಾರ್ಥಿಯ ಕೈಗೆಟುಕಿಸಿದ ಕೀರ್ತಿ ಪರ್ಸೆಲ್ಲರದು.

ನಮ್ಮ ಆಕ್ಷೇಪವಿರುವುದು ಆಹಾರವನ್ನು ಕುರಿತ ಭಾಗಕ್ಕೆ. ಆಹಾರದ ಅಣುಗಳು ವಿಸರಣದಿಂದ ತಾವಾಗಿಯೇ ಬ್ಯಾಕ್ಟೀರಿಯವನ್ನು ಸೇರುತ್ತವೆ; ಈಜಿನಿಂದ ಶೇಕಡಾ 10ರಷ್ಟು ಹೆಚ್ಚು ಪಡೆಯಬೇಕಾದರೆ ಅದು ಸೆಕೆಂಡಿಗೆ 700 ಮೈಕ್ರೋಮೀಟರ್ ಸಾಗಬೇಕು. ಅದು ಈಜುವುದು ಮೇಯುವುದಕ್ಕಲ್ಲ, ಉತ್ತಮ ಮೇವಿನ ತಾಣವನ್ನು ಅರಸುವುದಕ್ಕೆ ಎಂಬುದು ಅವರ ನಿರ್ಣಯ. ಬ್ಯಾಕ್ಟೀರಿಯದ ಮಟ್ಟಿಗೆ ಇದು ನಿರ್ವಿವಾದ. ಆದರೆ ಶೀರ್ಷಿಕೆಯು ‘ಜೀವನ’ವೆಂದೇ ಸಾರುವುದರಿಂದ, ಓದುಗನು ಇದನ್ನು ಸೂಕ್ಷ್ಮಜೀವಿಗಳೆಲ್ಲಕ್ಕೂ ಅನ್ವಯಿಸುವ ಅಪಾಯವುಂಟು. ಪ್ಯಾರಮೀಸಿಯಮ್ಮಿನ ಉದ್ದ ಸುಮಾರು 200 ಮೈಕ್ರೋಮೀಟರ್, ವೇಗ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್. ಅದರ ರೆನಾಲ್ಡ್ಸ್ ಸಂಖ್ಯೆಯೂ 0.2ರಷ್ಟೇ, ಅದೂ ಸ್ನಿಗ್ಧತೆಯ ಪ್ರಜೆಯೇ. ಆದರೆ ಪ್ರವಾಹವನ್ನು ವಿಸರಣದೊಡನೆ ತೂಗಿ ನೋಡುವ ಪೆಕ್ಲೆ ಸಂಖ್ಯೆಯು ಬ್ಯಾಕ್ಟೀರಿಯಕ್ಕೆ 0.03ರಷ್ಟಾದರೆ, ಇದಕ್ಕೆ 100ರ ಆಸುಪಾಸು. ಈಜಿನ ರೀತಿಯನ್ನು ನಿರ್ಣಯಿಸುವ ಸಂಖ್ಯೆ ಒಂದು, ಊಟದ ರೀತಿಯನ್ನು ನಿರ್ಣಯಿಸುವ ಸಂಖ್ಯೆ ಇನ್ನೊಂದು. ಪ್ರಬಂಧದ ಶೀರ್ಷಿಕೆಯಲ್ಲಿರುವುದು ಮೊದಲನೆಯದು ಮಾತ್ರ.

ವಾರ್ಟಿಸೆಲ್ಲವು ಇನ್ನೂ ಸ್ಪಷ್ಟವಾದ ನಿದರ್ಶನ. ತೊಟ್ಟಿನ ಮೇಲೆ ನೆಲೆನಿಂತು, ಬಾಯಿಯ ಸುತ್ತಲಿನ ಲೋಮಾಂಗಗಳಿಂದ ನೀರನ್ನೆಳೆದು ಅದು ಬ್ಯಾಕ್ಟೀರಿಯಗಳನ್ನೇ ತಿನ್ನುತ್ತದೆ. ಈಜದ ಬ್ಯಾಕ್ಟೀರಿಯದ ವಿಸರಣವು ಸಕ್ಕರೆಯ ಅಣುವಿನದರ ಸಾವಿರದಲ್ಲೊಂದು ಪಾಲು. ವಿಸರಣವನ್ನೇ ನಂಬಿದರೆ ಈ ಜೀವಿಗೆ ಉಪವಾಸವೇ ಗತಿ.

ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ಇದನ್ನು ಪರೀಕ್ಷಿಸಲು ದುಬಾರಿ ಸಲಕರಣೆ ಬೇಡ. ಪಾಪನಾಶ ಕೆರೆಯ ಅಥವಾ ಕಾರಂಜಾ ಜಲಾಶಯದ ಅಂಚಿನಲ್ಲಿ ಕೊಳೆತ ಎಲೆಗಳಿದ್ದ ನೀರನ್ನು ತಂದು, ಇಂತಹ ಜೀವಿಗಳು ಸಿಕ್ಕ ಹನಿಗೆ ಚಿಟಿಕೆ ಕಾರ್ಮೈನ್ ಪುಡಿಯನ್ನು ಬೆರೆಸಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಂಪು ಕಣಗಳು ಸುಳಿಯಾಗಿ ಬಾಯಿಯತ್ತ ಧಾವಿಸುವುದು ಕಾಣುವುದು.