ಕೆನೆ ಯಾರ ಪಾಲಿಗೆ: ಆಣಂದ್ ಮಾದರಿಯ ಒಂದು ವಿಮರ್ಶೆ

ಹಣದ ಬೆನ್ನು ಹತ್ತದೆ ಜನಕ್ಕೆ ಬೇಕಾದುದನ್ನು ಉತ್ಪಾದಿಸಿದರೆ ಸಂಪತ್ತು ತಾನಾಗಿ ಕೂಡಿಬರುತ್ತದೆ ಎಂಬ ವಾದವನ್ನು ಒರೆಗೆ ಹಚ್ಚಲು ಗುಜರಾತಿನ ಖೇಡಾ ಜಿಲ್ಲೆಯ ಹೈನುಗಾರಿಕೆ ತಕ್ಕ ನಿದರ್ಶನ. 1940ರ ದಶಕದಲ್ಲಿ ಅಲ್ಲಿನ ಹಾಲು ಮುಂಬಯಿಗೆ ಹೋಗುತ್ತಿತ್ತು, ಆ ಹಾಲನ್ನು ಕೊಳ್ಳುತ್ತಿದ್ದ ಪೋಲ್ಸನ್ ಕಂಪನಿಯ ಬೆಣ್ಣೆ ಮನೆಮಾತಾಗಿತ್ತು. ಮೌಲ್ಯ ಹುಟ್ಟುತ್ತಲೇ ಇದ್ದರೂ ಎಮ್ಮೆ ಕಟ್ಟಿದವರ ಕೈಗೆ ಅದರ ಸಣ್ಣ ಪಾಲಷ್ಟೇ ಬರುತ್ತಿತ್ತು. ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ರೈತರು ಹಾಲು ಹಾಕುವುದನ್ನೇ ನಿಲ್ಲಿಸಿ, 1946ರ ಡಿಸೆಂಬರ್‌ನಲ್ಲಿ ಆಣಂದ್‌ನಲ್ಲಿ ತಮ್ಮದೇ ಸಹಕಾರಿ ಒಕ್ಕೂಟವನ್ನು ನೋಂದಾಯಿಸಿದ್ದು ಈ ಕಾರಣಕ್ಕೆ.

ಒಡೆತನ ಕೈಗೆ ಬಂದೊಡನೆ ಎಲ್ಲವೂ ಬಗೆಹರಿಯಲಿಲ್ಲ. ಎಮ್ಮೆಗಳು ಬೇಸಿಗೆಗಿಂತ ಚಳಿಗಾಲದಲ್ಲಿ ಬಹಳ ಹೆಚ್ಚು ಹಾಲು ಕೊಡುತ್ತವೆ, ಮುಂಬಯಿಗೆ ಬೇಕಾದುದಾದರೋ ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಉಳಿದ ಹಾಲಿಗೆ ಗಿರಾಕಿಯೇ ಇರಲಿಲ್ಲ. ಎಮ್ಮೆ ಹಾಲನ್ನು ಪುಡಿ ಮಾಡಲಾಗದೆಂದು ವಿದೇಶಿ ತಜ್ಞರು ನಂಬಿದ್ದ ಕಾಲದಲ್ಲಿ, ಒಕ್ಕೂಟವನ್ನು ನಡೆಸುತ್ತಿದ್ದ ವರ್ಗೀಸ್ ಕುರಿಯನ್ನರ ಸಹೋದ್ಯೋಗಿ ಎಚ್. ಎಂ. ದಲಾಯ ಅವರು ಗಟ್ಟಿಗೊಳಿಸಿದ ಹಾಲನ್ನು ಬಿಸಿಗಾಳಿಯೊಳಗೆ ಸಣ್ಣ ಹನಿಗಳಾಗಿ ಸಿಡಿಸಿ ಒಣಗಿಸುವ ವಿಧಾನವನ್ನು ಅದಕ್ಕೆ ಒಗ್ಗಿಸಿದರು. 1955ರಲ್ಲಿ ಹೊಸ ಕಾರ್ಖಾನೆ ಆರಂಭವಾದ ಮೇಲೆ ಚಳಿಗಾಲದ ಹಾಲು ಪುಡಿಯಾಗಿ, ಬೆಣ್ಣೆಯಾಗಿ ಉಳಿದು ಬೆಲೆ ಪಡೆಯಿತು. ಕುರಿಯನ್ನರ ಕೀರ್ತಿಯ ನೆರಳಿನಲ್ಲಿ ದಲಾಯರ ಹೆಸರು ಮಸುಕಾದದ್ದು ಈ ಕಥನದ ಒಂದು ಅನ್ಯಾಯವೇ ಸರಿ.

ಕಾರ್ಖಾನೆಯಷ್ಟೇ ಮುಖ್ಯವಾದದ್ದು ಒಕ್ಕೂಟಕ್ಕೆ ಸೇರಿದ ಹಳ್ಳಿಯ ಸಂಘದಲ್ಲಿ ಹಾಲು ಅಳೆಯುವ ಕ್ರಮ. ಪ್ರತಿಯೊಬ್ಬರ ಹಾಲಿನಿಂದ ತೆಗೆದ ಸ್ಯಾಂಪಲ್ಲಿಗೆ ಗಂಧಕಾಮ್ಲ ಬೆರೆಸಿ, ಗಾಜಿನ ಕೊಳವೆಯನ್ನು ಗರಗರ ತಿರುಗಿಸಿದಾಗ ಜಿಡ್ಡು ಮೇಲೆ ಬಂದು ಗೆರೆಯ ಮೇಲೆ ನಿಲ್ಲುತ್ತದೆ. ಆ ಫ್ಯಾಟ್ ಅಂಶಕ್ಕೆ ತಕ್ಕಂತೆ ದರ. ನೀರು ಬೆರೆಸಿದರೆ ಗಿಟ್ಟುವುದಿಲ್ಲ, ದಲ್ಲಾಳಿಯ ಕಣ್ಣಂದಾಜಿಗೂ ಜಾಗವಿಲ್ಲ. ಒಳ್ಳೆಯ ಹಾಲಿಗೆ ಒಳ್ಳೆಯ ಹಣವೆಂಬುದು ಇಲ್ಲಿ ನೀತಿಯ ಮಾತಾಗಿ ಉಳಿಯದೆ ದಿನನಿತ್ಯದ ಲೆಕ್ಕವಾಯಿತು. ಕರ್ನಾಟಕವು 1970ರ ದಶಕದಲ್ಲಿ ಆಣಂದ್ ಮಾದರಿಯನ್ನು ತಂದುಕೊಂಡಾಗ ಬಂದದ್ದೂ ಇದೇ ಕ್ರಮ. ಡೇರಿಯ ಬಟವಾಡೆ, ಅಂದರೆ ವಾರಕ್ಕೋ ಹದಿನೈದು ದಿನಕ್ಕೋ ಸಿಗುವ ಹಾಲಿನ ಹಣ, ಮಳೆ ಕೈಕೊಟ್ಟ ವರ್ಷವೂ ಎಷ್ಟೋ ಮನೆಗಳ ಸಂಸಾರ ತೂಗಿಸಿದೆ.

ಆದರೆ ಆ ಗಾಜಿನ ಕೊಳವೆ ಜಿಡ್ಡನ್ನು ಅಳೆಯುವಷ್ಟು ಚೆನ್ನಾಗಿ ದುಡಿಮೆಯನ್ನು ಅಳೆಯದು. ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆಯುವವರು ಬಹುಪಾಲು ಹೆಂಗಸರಾದರೂ ಸಂಘದ ಸದಸ್ಯತ್ವ ಬಹುಕಾಲ ಗಂಡಸರ ಹೆಸರಿನಲ್ಲೇ ಇತ್ತು. ಕರ್ನಾಟಕದಲ್ಲಿ ಹುಟ್ಟಿಕೊಂಡ ಮಹಿಳಾ ಹಾಲು ಉತ್ಪಾದಕರ ಸಂಘಗಳು ಈ ಲೋಪವನ್ನು ಒಂದಿಷ್ಟು ತುಂಬಿವೆ. ಭೂಮಿಯಿಲ್ಲದವರ ಕಷ್ಟಕ್ಕೆ ಅಂಥ ಪರಿಹಾರ ಸಿಕ್ಕಿಲ್ಲ: ಹೊಲದ ಬದುವಿನಲ್ಲಿ ಮೇವು ಬೆಳೆಯುವವರಿಗೂ ಹುಲ್ಲು, ಹಿಂಡಿ, ಬೂಸಾ ಎಲ್ಲವನ್ನೂ ಕೊಂಡು ಹಾಕುವವರಿಗೂ ಡೇರಿ ಕೊಡುವ ದರ ಒಂದೇ.