ಫಣಿಯಮ್ಮನ ಮೌನ

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ನಿಜ ಬದುಕಿನ ಮೇಲೆ ನಿಂತ ಕಾದಂಬರಿ. ಫಣಿಯಮ್ಮನ ಕಥೆ ಲೇಖಕಿಗೆ ದಕ್ಕಿದ್ದು ತಾಯಿಯ ಬಾಯಿಂದ. ಮಲೆನಾಡಿನ ತುಂಬು ಮನೆಯ ಹುಡುಗಿಗೆ ಎಳವೆಯಲ್ಲೇ ಮದುವೆ. ಹಾವು ಕಚ್ಚಿ ಗಂಡ ಸಾಯುತ್ತಾನೆ. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಾರೆ. ಏನಾಯಿತೆಂದು ತಿಳಿಯುವ ಮೊದಲೇ ಅವಳ ಮಾತು ಅಡಗುತ್ತದೆ.

ಇಂದಿರಾ ಅಳುವನ್ನು ಹಿಗ್ಗಿಸುವುದಿಲ್ಲ. ಮಡಿ, ಒಪ್ಪೊತ್ತಿನ ಊಟ, ಮುಗಿಯದ ಮನೆಗೆಲಸ, ಪರರ ಬಾಣಂತನ: ಈ ದಿನಚರಿಯೇ ನೋವನ್ನು ಹೇಳುತ್ತದೆ. ಕನ್ನಡದಲ್ಲಿ ಇಷ್ಟು ಸಂಯಮದ ಬರವಣಿಗೆ ಅಪರೂಪ. ಅಮೆರಿಕದ ಲೋರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999) ಕಾದಂಬರಿಯ ಮೆಲಿಂಡಾ ಕೂಡ ಅತ್ಯಾಚಾರದ ನಂತರ ಮಾತು ಬಿಡುತ್ತಾಳೆ. ಆದರೆ ಅಲ್ಲಿ ಕಥೆ ಹೇಳುವವಳು ಅವಳೇ, ಕೊನೆಗೆ ದನಿ ಎತ್ತುವುದೂ ತನಗಾಗಿ. ಫಣಿಯಮ್ಮನ ದಾರಿ ಬೇರೆ. ಅಸ್ಪೃಶ್ಯಳೆಂದು ದೂರವಿಟ್ಟ ಹೆಣ್ಣಿನ ಕಷ್ಟದ ಹೆರಿಗೆಗೆ ಗುಟ್ಟಾಗಿ ಹೋಗಿ ನೆರವಾಗುತ್ತಾಳೆ. ಎಳೆಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ ಅವಳ ಪರ ಮಾತಾಡುತ್ತಾಳೆ. ಅಷ್ಟು ವರ್ಷ ಒಳಗಿದ್ದ ಮಾತು ಇನ್ನೊಬ್ಬಳಿಗಾಗಿ ಹೊರಬರುವ ಆ ಭಾಗವೇ ಕಾದಂಬರಿಯ ಎತ್ತರ.

ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಪ್ರೌಢಶಾಲೆಗಳಲ್ಲೂ ಈ ಪುಸ್ತಕ ಮಕ್ಕಳ ಕೈಗೆ ಸಿಗಬೇಕು.