ತರುಣ ಚಿತ್ರಕಾರನ ಸಂಪ್ರದಾಯನಿಷ್ಠೆ

ಹಿರಿಯರು ಹಾಕಿಕೊಟ್ಟ ದಾರಿಯಲ್ಲಿ ನಡೆದ ಕಲಾವಿದನಲ್ಲಿ ಸ್ವಂತಿಕೆ ಇರದೆಂಬ ಅಭಿಪ್ರಾಯವು ವಿಮರ್ಶೆಯಲ್ಲಿ ಬಹುಕಾಲದಿಂದ ಬೇರೂರಿದೆ. ಅವನು ತರುಣನಾಗಿದ್ದರಂತೂ ಬಂಡಾಯವನ್ನಲ್ಲದೆ ಬೇರೇನನ್ನೂ ನಾವು ಅವನಿಂದ ನಿರೀಕ್ಷಿಸುವುದಿಲ್ಲ. ಈ ಎಣಿಕೆ ಎಲ್ಲೆಡೆಯೂ ನಿಲ್ಲತಕ್ಕದ್ದಲ್ಲವೆಂಬುದಕ್ಕೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಒಂದು ಚಿಕ್ಕ ಚಿತ್ರವೇ ಸಾಕ್ಷಿ. ವಿಷಯ ಏಸುಕ್ರಿಸ್ತನ ಜನನ. ಕಾಲ ಸುಮಾರು 1490. ಓಕ್ ಹಲಗೆಯ ಮೇಲೆ ಬರೆದ ಇದರ ಎತ್ತರ ಸುಮಾರು 34 ಸೆಂಟಿಮೀಟರು, ಅಗಲ ಸುಮಾರು 25. ಶಾಲೆಯ ಮಕ್ಕಳ ಸ್ಲೇಟಿಗಿಂತ ತುಸು ದೊಡ್ಡದು, ಅಷ್ಟೆ.

ಬರೆದವನು ಗೀರ್ಟ್‌ಗೆನ್ ಟಾಟ್ ಸಿಂಟ್ ಯಾನ್ಸ್. ಹಾಲೆಂಡಿನ ಹಾರ್ಲೆಮ್ ನಗರದಲ್ಲಿ ಸಂತ ಯೋಹಾನರ ಪಂಥದವರ ಮಠವಿತ್ತು. ಅಲ್ಲಿ ಇವನು ವಾಸವಾಗಿದ್ದನಾದ್ದರಿಂದ ‘ಸಂತ ಯೋಹಾನರ ಮನೆಯ ಚಿಕ್ಕ ಗೆರಾರ್ಡ್’ ಎಂಬರ್ಥದ ಈ ಹೆಸರು ಬಂದಿತು. ಚಿತ್ರಕಾರರ ಚರಿತ್ರೆಯನ್ನು 1604ರಲ್ಲಿ ಪ್ರಕಟಿಸಿದ ಕಾರೆಲ್ ವಾನ್ ಮಾಂಡರನ ಹೇಳಿಕೆಯಂತೆ ಇವನು ಬದುಕಿದ್ದುದು ಸುಮಾರು 28 ವರ್ಷ ಮಾತ್ರ.

ಈ ಚಿತ್ರದಲ್ಲಿರುವುದೆಲ್ಲವೂ ಅವನಿಗೆ ಪರಂಪರೆಯಿಂದ ಬಂದದ್ದೇ. ಗೋದಲಿಯೂ ಕುರಿಕಾಯುವವರೂ ಲೂಕನ ಸುವಾರ್ತೆಯಿಂದ ಬಂದವರು. ಎತ್ತು ಕತ್ತೆಗಳು ಸುವಾರ್ತೆಯಲ್ಲಿಲ್ಲ. ಯೆಶಾಯ ಪ್ರವಾದಿಯ ಒಂದು ಮಾತನ್ನು ಹಿಡಿದು ಭಕ್ತರ ಕಲ್ಪನೆಯು ಅವನ್ನು ಅಲ್ಲಿಗೆ ತಂದು ಕಟ್ಟಿತು. ಸ್ವೀಡನ್ನಿನ ಸಂತ ಬ್ರಿಜಿಟ್ 1372ರಲ್ಲಿ ಯಾತ್ರೆ ಹೋದಾಗ ಬೆತ್ಲೆಹೇಮಿನಲ್ಲಿ ಒಂದು ದರ್ಶನವನ್ನು ಕಂಡಳು. ಹುಟ್ಟಿದ ಶಿಶುವಿನಿಂದ ಹೊರಟ ಪ್ರಭೆಯ ಮುಂದೆ ಯೋಸೇಫನು ತಂದ ಮೋಂಬತ್ತಿಯ ಬೆಳಕು ಕಾಣದಂತಾಯಿತೆಂದು ಅದರ ತಾತ್ಪರ್ಯ. ಮುಂದೆ ಅನೇಕ ಚಿತ್ರಕಾರರಿಗೆ ಅದು ಆಧಾರವಾಯಿತು. ಇಷ್ಟೇ ಅಲ್ಲ, ಈ ಚಿತ್ರದ ವಿನ್ಯಾಸವು ಕೂಡ ಹ್ಯೂಗೊ ವಾನ್ ಡರ್ ಗೂಸ್ ಬರೆದು ಈಗ ಕಳೆದುಹೋಗಿರುವ ಚಿತ್ರವೊಂದನ್ನು ಅನುಸರಿಸಿದೆಯೆಂದು ವಿದ್ವಾಂಸರು ಊಹಿಸುತ್ತಾರೆ.

ಹಾಗಾದರೆ ತರುಣನು ಮಾಡಿದ್ದೇನು? ರಾತ್ರಿಯನ್ನು ರಾತ್ರಿಯಾಗಿಯೇ ಬರೆದನೆಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ನನಗೆ ಒಪ್ಪಿಗೆಯಾಗದು. ಇಟಲಿಯ ಜೆಂಟಿಲೆ ದ ಫಾಬ್ರಿಯಾನೊ 1423ರಲ್ಲಿಯೇ ಜನನದ ದೃಶ್ಯವನ್ನು ಕತ್ತಲೆಯಲ್ಲಿ ಬರೆದಿದ್ದನು. ಹೊಸದನ್ನು ಮೊದಲು ಮಾಡಿದವನೆಂಬ ಕಿರೀಟವನ್ನು ತೊಡಿಸಿದಲ್ಲದೆ ಕಲಾವಿದನಿಗೆ ಬೆಲೆ ಕಟ್ಟಲಾರೆವೆಂಬುದು ನಮ್ಮ ಕಾಲದ ದೌರ್ಬಲ್ಯವೆನ್ನಬೇಕು. ಗೀರ್ಟ್‌ಗೆನ್ನನ ಹಿರಿಮೆಯಿರುವುದು ನಂಬಿಕೆಯ ಮಾತನ್ನು ಅಕ್ಷರಶಃ ನಂಬಿದುದರಲ್ಲಿ. ಶಿಶುವೇ ಬೆಳಕೆಂದ ಮೇಲೆ ಆ ಬೆಳಕು ಕೆಳಗಿನಿಂದಲೇ ಬರಬೇಕಷ್ಟೆ. ಗೋದಲಿಯ ಮೇಲೆ ಬಾಗಿದ ಮರಿಯಳ ಗಲ್ಲ, ಮೂಗಿನ ಕೆಳಭಾಗ, ಜೋಡಿಸಿದ ಬೆರಳುಗಳ ತುದಿ ಬೆಳಗುತ್ತವೆ. ಎಡಗಡೆಯ ಪುಟ್ಟ ದೇವದೂತರ ಮುಖಗಳೂ ಹಾಗೆಯೇ. ಹಿಂದಿನ ಎತ್ತು ಕತ್ತೆಗಳು ಅರೆಗತ್ತಲಲ್ಲಿವೆ. ದೂರದ ಗುಡ್ಡದ ಮೇಲೆ ಕುರಿಕಾಯುವವರು ಹೊತ್ತಿಸಿದ ಬೆಂಕಿಯಿದೆ, ಆಕಾಶದಲ್ಲಿ ಹೊಳೆಯುವ ದೂತನಿದ್ದಾನೆ. ಮೂರು ಬೆಳಕುಗಳಿದ್ದರೂ ಒಂದು ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಬೆಂಕಿ ಚಳಿ ಕಾಯಿಸಲು, ದೂತನ ಪ್ರಭೆ ಸುದ್ದಿ ಹೇಳಲು. ಗೋದಲಿಯದು ಮಾತ್ರ ತನ್ನಷ್ಟಕ್ಕೆ ತಾನೇ ಬೆಳಗುವಂಥದು. ವಚನಗಳನ್ನು ಓದಿಕೊಂಡವರಿಗೆ ‘ಬೆಳಗು’ ಎಂಬ ಮಾತಿನ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಅವನು ಕೇವಲ ಅನುವಾದಕನಲ್ಲ. ಬ್ರಿಜಿಟ್ಟಳ ದರ್ಶನದಲ್ಲಿ ಶಿಶು ನೆಲದ ಮೇಲಿದೆ. ಇವನು ಲೂಕನ ಮಾತಿನಂತೆ ಗೋದಲಿಯಲ್ಲಿಯೇ ಮಲಗಿಸಿದ್ದಾನೆ. ಎರಡು ಆಧಾರಗಳು ಬೇರೆ ಬೇರೆ ಹೇಳಿದಾಗ ಯಾವುದನ್ನು ಹಿಡಿಯಬೇಕೆಂಬ ವಿವೇಚನೆಯೂ ಸಂಪ್ರದಾಯಸ್ಥನಿಗೆ ಬೇಕು. ಗೋದಲಿಯಲ್ಲಿಟ್ಟುದರಿಂದಲೇ ಬೆಳಕಿಗೊಂದು ಒಡಲು ದೊರೆಯಿತು, ಸುತ್ತಲಿನವರು ಅದರ ಅಂಚಿಗೆ ಬಂದು ನಿಲ್ಲುವಂತಾಯಿತು.

ದೋಷವಿಲ್ಲವೆಂದಲ್ಲ. ಮರಿಯಳ ಮುಖವೂ ದೂತರ ಮುಖಗಳೂ ಒಂದೇ ಅಚ್ಚಿನಲ್ಲಿ ಎರೆದ ಮೊಟ್ಟೆಗಳಂತಿವೆ. ತಾಯಿಯ ದಣಿವು ಅಲ್ಲಿ ಎಲ್ಲಿಯೂ ಕಾಣದು. ಹೆತ್ತ ಹೆಣ್ಣನ್ನು ಕಂಡವರಿಗೆ ಇದು ಕೊರತೆಯಾಗಿಯೇ ತೋರುವುದು. ಯೋಸೇಫನು ಮಾತ್ರ ಬೇರೆ. ಬಲಗಡೆ, ಮರಿಯಳ ಹಿಂದೆ, ಬೆಳಕು ಪೂರ್ತಿ ತಲಪದ ಜಾಗದಲ್ಲಿ ಅವನನ್ನು ನಿಲ್ಲಿಸಲಾಗಿದೆ. ಹಲಗೆ 1904ರಲ್ಲಿ ಬೆಂಕಿಗೆ ಸಿಕ್ಕಿ ಕೆಟ್ಟಿತು. ಆ ಮೂಲೆಯ ಕತ್ತಲೆಯಲ್ಲಿ ಚಿತ್ರಕಾರನದೆಷ್ಟು, ಬೆಂಕಿಯದೆಷ್ಟು ಎಂದು ಅಚ್ಚಿನ ಪ್ರತಿಯನ್ನು ಹಿಡಿದು ಕುಳಿತ ನನ್ನಂಥವನು ಹೇಳಲಾರ. ಅವನನ್ನು ಕಾಣಲು ಕನ್ನಡಕವನ್ನು ಒರಸಿಕೊಂಡು ಎರಡು ಸಲ ನೋಡಬೇಕಾಯಿತು.